ಕೀಲುಮೃಗಗಳೂ ನಮ್ಮ ಅತ್ತೆಯೂ

ನಮ್ಮ ಮನೆಯ ಒಗ್ಗರಣೆ ಡಬ್ಬಿಯ ಮುಚ್ಚಳವನ್ನು ನೀವೇನಾದರೂ ಆ ದಿನಗಳಲ್ಲಿ ತೆಗೆದು ನೋಡಿದ್ದರೆ, ಸಾಸಿವೆ, ಜೀರಿಗೆ, ಉದ್ದಿನಬೇಳೆಗಳ ಮಗ್ಗುಲಲ್ಲಿ, ಮೆಂತ್ಯ ಇರಬೇಕಾದ ಬಟ್ಟಲಿನಲ್ಲಿ, ಮೆಂತ್ಯದ ಕಾಳಿಗಿಂತ ತುಸುವೇ ದೊಡ್ಡದಾದ ಹಿತ್ತಾಳೆಯ ಸ್ಕ್ರೂಗಳು ಥಳಥಳಿಸುತ್ತ ಕುಳಿತಿರುವುದನ್ನು ಕಂಡು ನಿಮ್ಮ ಕಣ್ಣನ್ನೇ ಅನುಮಾನಿಸುತ್ತಿದ್ದಿರಿ. ಅನುಮಾನ ಬೇಡ. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಸಣ್ಣ ವಸ್ತುವನ್ನು ಕಳೆಯದಂತೆ ಕಾಪಾಡಬಲ್ಲ ಭದ್ರ ಸ್ಥಳವೆಂದರೆ ಅದೊಂದೇ. ಮೆಂತ್ಯವಾದರೋ ಬೇಸರವಿಲ್ಲದೆ ಒಂದು ಹಳೆಯ ಕಾಫಿಪುಡಿ ಡಬ್ಬಿಗೆ ಬಿಡಾರ ಬದಲಿಸಿತ್ತು. ಒಮ್ಮೆ ಮಾತ್ರ, ಪ್ರವಾಸ ಮುಗಿಸಿ ಬಂದಿದ್ದ ನಮ್ಮ ಮನೆಯವರು ಊಟಕ್ಕೆ ಕೂತವರು ಕಟಂ ಎಂದು ಏನನ್ನೋ ಕಡಿದು, ದವಡೆ ಹಿಡಿದುಕೊಂಡು, "ಬೇಳೆ ಸರಿಯಾಗಿ ಬೆಂದಿಲ್ಲ" ಎಂದರು. ಅದು ಬೇಳೆಯಾಗಿರಲಿಲ್ಲ, ಆನೆಯ ಎಡ ಮೊಣಕಾಲಿನ ಸ್ಕ್ರೂ ಆಗಿತ್ತು. ಅದನ್ನು ತೊಳೆದು ಮತ್ತೆ ಕೂಡಿಸುವವರೆಗೆ ಆನೆ ಕುಂಟಿತು. ಅವರು ಎಡದವಡೆಯಲ್ಲಿ ಅಗಿಯುವುದನ್ನು ಬಿಟ್ಟರು.

ಆನೆ ಎಂದೆನಲ್ಲ, ಅದು ನಾನೇ ಕಟ್ಟಿದ ಆನೆ. ಜಪಾನಿನಲ್ಲಿ ಎಂದೋ ತಯಾರಾಗಿ, ಹಡಗುಗಳವರ ಪೆಟ್ಟಿಗೆಗಳಲ್ಲಿ ಮುಂಬಯಿಗೆ ಬಂದು, ಯಾರ ಮನೆಯ ಅಟ್ಟದಲ್ಲೋ ಮುದಿಯಾಗಿ, ಕೊನೆಗೆ ಹಳೆಸಾಮಾನಿನ ಬಜಾರಿಗೆ ಬೀಳುತ್ತಿದ್ದ ರಟ್ಟಿನ ಪೆಟ್ಟಿಗೆಗಳವು. ಒಳಗೆ ಒಂದು ಮೃಗ ಬಿಡಿಬಿಡಿಯಾಗಿ ಮಲಗಿರುತ್ತಿತ್ತು: ಪ್ಲಾಸ್ಟಿಕ್ ಕಡ್ಡಿಗಳಿಗೆ ಕಾಯಿಗಳಂತೆ ಅಂಟಿಕೊಂಡ ಕಾಲು, ಕಿವಿ, ಪಕ್ಕೆಲುಬು, ಹಲ್ಲುಚಕ್ರಗಳ ಒಂದು ಪೊಟ್ಟಣ, ಸ್ಪ್ರಿಂಗ್ ಸುತ್ತಿಟ್ಟ ಪುಟ್ಟ ಯಂತ್ರ, ಒಂದು ಕೀ. ಎಲ್ಲವನ್ನೂ ಕ್ರಮವಾಗಿ ಜೋಡಿಸಿ ಹೊಟ್ಟೆಯ ಪಕ್ಕದ ಕೀ ತಿರುಗಿಸಿದರೆ ಮೃಗ ನಡೆಯಬೇಕು. ರೋಬೋ ಎಂದು ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ನನಗೆ ಆ ಹೆಸರು ಗಂಟಲಲ್ಲಿ ಇಳಿಯಲಿಲ್ಲ. ಕೀಲುಕುದುರೆ, ಕೀಲುಗೊಂಬೆಗಳ ಕತೆ ಕೇಳಿ ಬೆಳೆದವಳು, ಕೀಲುಮೃಗಗಳೆಂದೆ. ಚರ್ಮದ ಬದಲು ಬೋಲ್ಟು, ಕಣ್ಣಿನ ಬದಲು ಕೆಂಪು ಗಾಜು, ಆದರೂ ಮೃಗವೇ.

ಇಂಥ ಹವ್ಯಾಸ ಒಬ್ಬ ಸಂಸಾರಸ್ಥೆಗೆ ಹೇಗೆ ಅಂಟಿತೆಂದು ಕೇಳುವಿರಾದರೆ, ನನ್ನ ಉದ್ಯೋಗವನ್ನು ದೂರಬೇಕು. ಕೋಟೆ ಭಾಗದ ಒಂದು ಸರಕಾರಿ ಕಚೇರಿಯಲ್ಲಿ ಎಂಜಿನಿಯರರು ಪೆನ್ಸಿಲ್ಲಿನಿಂದ ಎಳೆದ ಸೇತುವೆಗಳನ್ನು ಪಾರದರ್ಶಕ ಕಾಗದದ ಮೇಲೆ ಮಸಿಯಲ್ಲಿ ತಿದ್ದುವುದು ನನ್ನ ಕೆಲಸ. ಎಷ್ಟೋ ನದಿಗಳಿಗೆ ಅಡ್ಡಲಾಗಿ ನನ್ನ ಗೆರೆಗಳು ಚಾಚಿದ್ದವು. ಒಂದಾದರೂ ಸೇತುವೆಯ ಒಂದಾದರೂ ಬೋಲ್ಟನ್ನು ನಾನು ಮುಟ್ಟಿರಲಿಲ್ಲ. ಅಡುಗೆಯವನೊಬ್ಬ ಜೀವಮಾನವಿಡೀ ಪಾಕಪುಸ್ತಕ ನಕಲು ಮಾಡುತ್ತ ಉಪವಾಸ ಕೂತಂತೆ ಇತ್ತು ನನ್ನ ಪಾಡು.

ಮಿಕ್ಸಿಯ ಮುಚ್ಚಳ ಒಡೆದು ಅದರ ಜೋಡಿಯನ್ನು ಹುಡುಕುತ್ತ ಚೋರ್ ಬಜಾರಿಗೆ ಹೋದ ಒಂದು ದಿನ, ತುಕ್ಕುಹಿಡಿದ ಫ್ಯಾನುಗಳ ರಾಶಿಯ ಅಡಿಯಿಂದ ಒಂದು ಘೇಂಡಾಮೃಗ ನನ್ನನ್ನೇ ನೋಡುತ್ತಿತ್ತು. ಪೆಟ್ಟಿಗೆಯ ಮೇಲಿನ ಚಿತ್ರ. "ಲೇ ಜಾವ್ ಮೇಡಮ್, ಜಪಾನ್ ಕಾ ಮಾಲ್ ಹೈ, ಪೂರಾ ಜಾನ್‌ವರ್ ಹೈ" ಎಂದ ಅಂಗಡಿಯವ. ಮನೆಗೆ ತಂದು ಬಿಚ್ಚಿದಾಗ ಜಾನ್‌ವರ್ ಪೂರಾ ಇರಲಿಲ್ಲ. ಘೇಂಡಾಮೃಗಕ್ಕೆ ಯಾವುದಿಲ್ಲದಿದ್ದರೆ ಅದು ಬರೀ ದಪ್ಪ ಎಮ್ಮೆಯಾಗುವುದೋ ಆ ಕೊಂಬೇ ಇರಲಿಲ್ಲ. ಸೂಚನೆಗಳೆಲ್ಲ ಜಪಾನಿ ಲಿಪಿಯಲ್ಲಿ. ಆದರೆ ನಕ್ಷೆ ನನ್ನ ಮಾತೃಭಾಷೆ. ಗೆರೆ ಹಿಡಿದುಕೊಂಡು ಹೋದೆ. ಕೊಂಬಿನ ಜಾಗಕ್ಕೆ ಬಾಲ್‌ಪೆನ್ನಿನ ಕ್ಯಾಪು ಕೂತಿತು. ಮುಚ್ಚಳ ಮರೆತೇಹೋಯಿತು, ಮಿಕ್ಸಿಯನ್ನು ಬಹಳ ಕಾಲ ತಟ್ಟೆ ಮುಚ್ಚಿ ನಡೆಸಿದೆವು.

ಈಗ ನಮ್ಮ ಅತ್ತೆಯ ಮಾತಿಗೆ ಬರಬೇಕು. ಮಾವ ತೀರಿಕೊಂಡ ಮೇಲೆ ಅತ್ತೆ ಪದ್ಮಮ್ಮ ಮೈಸೂರಿನಿಂದ ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಬಂದ ದಿನವೇ ದಾದರ್ ಸ್ಟೇಷನ್ನಿನ ಜನಪ್ರವಾಹ ಅವರನ್ನು ನಮ್ಮ ಕೈಯಿಂದ ಬಿಡಿಸಿಕೊಂಡು ಸೇತುವೆ ಹತ್ತಿಸಿ, ಆಚೆ ಬದಿಗೆ ಇಳಿಸಿ, ತೂಕದ ಯಂತ್ರದ ಪಕ್ಕ ನಿಲ್ಲಿಸಿ ಹೋಗಿಬಿಟ್ಟಿತು. ನಾವು ಹುಡುಕಿ ತಲುಪುವಷ್ಟರಲ್ಲಿ ನಾಲ್ಕಾರು ಮಂದಿ ಅವರನ್ನು ನಾಲ್ಕಾರು ಭಾಷೆಯಲ್ಲಿ ವಿಚಾರಿಸಿದ್ದರು. ಮೈಸೂರಿನ ಅಗ್ರಹಾರದಲ್ಲಿ ಮಾತಿಗೆ ಹೆಸರಾಗಿದ್ದ ಅತ್ತೆಗೆ ಒಂದಕ್ಕೂ ಉತ್ತರ ಹೇಳಲಾಗಿರಲಿಲ್ಲ. ಅಂದಿನಿಂದ ಅವರು ಹೊಸ್ತಿಲು ದಾಟಲಿಲ್ಲ. ಎದುರು ಮನೆಯ ಸುಮನ್‌ತಾಯಿ ಮರಾಠಿಯಲ್ಲಿ ಕರೆದರೆ ಬಾಗಿಲ ಸಂದಿಯಿಂದಲೇ ನಕ್ಕು ಒಳಗೆ ಸರಿಯುವರು. ಮನೆಯ ಒಳಗೂ ಮಾತು ಕಡಿಮೆಯಾಗುತ್ತ ಬಂತು. ನಮ್ಮ ಮನೆಯವರು ಔಷಧಿ ಕಂಪನಿಯ ಕೆಲಸದ ಮೇಲೆ ತಿಂಗಳಿನ ಬಹುಪಾಲು ಊರೂರು ಸುತ್ತುವವರು, ಉಳಿದವರು ನಾವಿಬ್ಬರೇ. "ಊಟ ಮಾಡಿದಿರಾ ಅತ್ತೆ?" "ಆಯ್ತು." "ನಿದ್ದೆ ಬಂತಾ?" "ಬಂತು." ಇಷ್ಟರಲ್ಲಿ ಒಂದು ದಿನ ಮುಗಿದುಹೋಗುತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು. ಒಂದು ಜೀವ ಕಣ್ಣೆದುರೇ, ಕುರ್ಚಿಯಲ್ಲಿ ಕೂತಲ್ಲೇ, ಇಷ್ಟಿಷ್ಟೇ ಕರಗಿಹೋಗುವುದನ್ನು ನೋಡುತ್ತಿರುವುದು ಸುಲಭವಲ್ಲ.

ಘೇಂಡಾಮೃಗಕ್ಕೆ ಮೊದಲ ಕೀ ಕೊಟ್ಟು ನೆಲದ ಮೇಲೆ ಬಿಟ್ಟಾಗ ಅದು ಗರ್ರ್ ಎಂದು ಎರಡು ಹೆಜ್ಜೆ ಇಟ್ಟು, ನಿಂತು, ಹಿಂದಕ್ಕೊಮ್ಮೆ ತೂಗಿ, ಮತ್ತೆ ಎರಡು ಹೆಜ್ಜೆ ಇಟ್ಟು, ಹೀಗೆ ಅತ್ತೆಯ ಪಾದದವರೆಗೂ ಹೋಗಿ ಅವರ ಹೆಬ್ಬೆರಳಿಗೆ ಬಾಲ್‌ಪೆನ್ನಿನ ಕೊಂಬನ್ನು ಒತ್ತಿ ನಿಂತಿತು. ಅತ್ತೆ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು.

"ಲಲಿತಾ, ಇದು ಥೇಟ್ ನಮ್ಮ ದೊಡ್ಡ ಭಾವನವರ ನಡಿಗೆ ಕಣೇ. ಮದುವೆ ಮನೆಗೆ ಊಟಕ್ಕೆ ಕರೆದ್ರೆ ಹೀಗೇ ಬರೋರು. ಬರ್ತಿದಾರೋ, ಬೇಡ ಅಂತಿದಾರೋ, ಒಂದೂ ತಿಳೀತಿರ್ಲಿಲ್ಲ."

ನಾನು ನಕ್ಕುಬಿಟ್ಟೆ. ಅತ್ತೆಯೂ ನಕ್ಕರು. ಮುಂಬಯಿಗೆ ಬಂದ ಮೇಲೆ ಅಷ್ಟುದ್ದದ ಮಾತನ್ನು ಅವರು ಆಡಿದ್ದು ಅದೇ ಮೊದಲು.

ಇನ್ನು ಕೇಳಬೇಕೇ! ಶುಕ್ರವಾರಗಳಂದು ಕಚೇರಿ ಬಿಟ್ಟೊಡನೆ ನನ್ನ ಕಾಲು ತಾನಾಗಿ ಹಳೆಸಾಮಾನಿನ ಕಡೆಗೆ ತಿರುಗುತ್ತಿತ್ತು. ಆನೆ ಬಂತು, ಆಮೆ ಬಂತು, ಎದೆ ಬಡಿದುಕೊಳ್ಳುವ ಗೊರಿಲ್ಲಾ ಬಂತು, ಜಿರಾಫೆ ಬಂತು. ಕಬ್ಬಿಣದ ಕಪಾಟಿನ ಮೇಲ್ಭಾಗ ಅಭಯಾರಣ್ಯವಾಯಿತು. ಪ್ರತಿ ಮೃಗವೂ ಕಟ್ಟಿ ಮುಗಿದೊಡನೆ ಅತ್ತೆಯ ಸನ್ನಿಧಿಯಲ್ಲಿ ನಡೆದು ತೋರಿಸಬೇಕು. ಅತ್ತೆ ತೀರ್ಪು ಕೊಡಬೇಕು. ಈ ಪಾಂಡಿತ್ಯ ಎಲ್ಲಿಂದ ಬಂತೆಂದು ಮೊದಮೊದಲು ಬೆರಗಾಗುತ್ತಿದ್ದೆ. ಆಮೇಲೆ ಹೊಳೆಯಿತು. ಮೈಸೂರಿನ ಹೆಂಗಸು ಹುಟ್ಟಿದಾಗಿನಿಂದ ನವರಾತ್ರಿಯ ಒಂಬತ್ತು ಸಂಜೆ ಬೀದಿಯ ಪ್ರತಿ ಮನೆಯ ಬೊಂಬೆಗಳನ್ನೂ ನೋಡಿ, ಒಳಗೆ ಇರುವಷ್ಟು ಹೊತ್ತು ಬಾಯ್ತುಂಬ ಹೊಗಳಿ, ಚರುಪಿನ ತಿಂಡಿ ಕಟ್ಟಿಸಿಕೊಂಡು, ಗೇಟಿನ ಹೊರಗೆ ಕಾಲಿಟ್ಟ ಕ್ಷಣ ನಿಜ ಹೇಳುತ್ತ ಬೆಳೆದಿರುತ್ತಾಳೆ. ಇದಕ್ಕಿಂತ ಕಠಿಣವಾದ ವಿಮರ್ಶೆಯ ಗುರುಕುಲ ಇನ್ನೊಂದಿದ್ದರೆ ನನಗೆ ತಿಳಿಯದು. ಅತ್ತೆ ತಮ್ಮ ಬೊಂಬೆಗಳನ್ನೆಲ್ಲ ಮೈಸೂರಿನಲ್ಲಿ ದೊಡ್ಡ ಸೊಸೆಗೆ ಒಪ್ಪಿಸಿ ಬಂದಿದ್ದರು. ಅವರ ನಾಲಿಗೆ ಮಾತ್ರ ಜತೆಗೇ ಬಂದಿತ್ತು, ಕೆಲಸವಿಲ್ಲದೆ ಕೂತಿತ್ತು.

ಈ ತೀರ್ಪುಗಳು ಅಚ್ಚಿಗೆ ಹೋದದ್ದು ವಾಸು ಶೆಟ್ಟರ ಕೃಪೆಯಿಂದ. ಮಾಟುಂಗದಲ್ಲಿ ಇವರದೊಂದು ಉಡುಪಿ ಹೋಟೆಲು, ಅದರ ಮಹಡಿಯ ಕೋಣೆಯಲ್ಲಿ ನಮ್ಮ ಚಿಕ್ಕ ಕನ್ನಡ ಸಂಘ, ಸಂಘಕ್ಕೊಂದು ಮಾಸಪತ್ರಿಕೆ, ಅದಕ್ಕೆ ಶೆಟ್ಟರೇ ಸಂಪಾದಕರು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಪ್ರೂಫು ಹಿಡಿದು ಎರಡನ್ನೂ ಅದೇ ಗಾಂಭೀರ್ಯದಿಂದ ತಿದ್ದುವರು. ಒಂದು ಶನಿವಾರ ಕಾಫಿ ಕುಡಿಯಲು ಹೋದವಳನ್ನು ಗಲ್ಲಾದಿಂದಲೇ ಕೂಗಿ ಕರೆದರು.

"ಎಂತಾದ್ರೂ ಬರ್ದು ಕೊಡಿ ಮಾರಾಯ್ರೆ. ಅರ್ಧ ಪುಟ ಖಾಲಿ ಉಂಟು. ಕವಿತೆ ಮಾತ್ರ ಬೇಡ. ಕವಿತೆ ಗೋಣಿಯಲ್ಲಿ ಉಂಟು."

"ನನಗೆ ಘೇಂಡಾಮೃಗದ ವಿಷಯ ಬಿಟ್ಟು ಬೇರೇನೂ ಗೊತ್ತಿಲ್ಲ ಶೆಟ್ಟರೇ."

"ಆಗ್ಲಿ. ಘೇಂಡಾಮೃಗದ ಬಗ್ಗೆ ನಮ್ಮಲ್ಲಿ ಈವರೆಗೆ ಯಾರೂ ಬರೀಲಿಲ್ಲ."

ಹಾಗೆ ಶುರುವಾಯಿತು ನಮ್ಮ ಅಂಕಣ. ಪುಸ್ತಕಗಳಿಗೆ, ನಾಟಕಗಳಿಗೆ ಸಲ್ಲುವ ಮರ್ಯಾದೆಯನ್ನೆಲ್ಲ ಕೀಲುಮೃಗಗಳಿಗೆ ಸಲ್ಲಿಸಿ, ನಡಿಗೆ, ಧ್ವನಿ, ಮುಖಭಾವ, ಹಟ ಎಂದು ವಿಭಾಗ ಮಾಡಿ ಬರೆದೆ. ಕೊನೆಯ ಸಾಲು ಮಾತ್ರ ಯಾವಾಗಲೂ ಅತ್ತೆಯದು. ಆಮೆಯ ಬಗ್ಗೆ ಅವರು ಅಂದದ್ದು: "ಇಷ್ಟು ಅವಸರ ಇರೋದಕ್ಕೆ ಆಮೆ ಅಂತ ಯಾಕೆ ಹೆಸರಿಟ್ರು?" ಗೊರಿಲ್ಲಾ ಮೊದಲು ಎದೆ ಬಡಿದುಕೊಂಡು, ಆ ಬಡಿತಕ್ಕೇ ಕೀಯ ಶಕ್ತಿಯೆಲ್ಲ ವ್ಯಯವಾಗಿ, ನಡೆಯುವ ಹೊತ್ತಿಗೆ ನಿಂತುಬಿಡುತ್ತಿತ್ತು. "ಇದಕ್ಕೆ ಹಾರ ಹಾಕಿ ಸಭೇಲಿ ಕೂರಿಸಿ" ಎಂದರು. ಜಿರಾಫೆ ಮೂರು ಹೆಜ್ಜೆಗೊಮ್ಮೆ ಕವುಚಿ ಬೀಳುವುದನ್ನು ನೋಡಿ, "ಎತ್ತರ ಇದ್ದೋರಿಗೆ ಆಳು ನೋಡಿ ಬಾಗಿಲು ಇಡಬೇಕು, ಇದಕ್ಕೆ ಕಾಲು ನೋಡಿ ಕತ್ತು ಕಟ್ಟಬೇಕಾಗಿತ್ತು." ಅರ್ಧ ಪುಟ ಒಂದು ಪುಟವಾಯಿತು. ಈ ಮೃಗಗಳನ್ನು ಜನ್ಮದಲ್ಲಿ ಕಾಣದ, ಕೊಳ್ಳುವ ಸಾಧ್ಯತೆಯೂ ಇಲ್ಲದ ಓದುಗರು ಹೋಟೆಲಿಗೆ ಬಂದು "ಈ ಸಲ ಅತ್ತೆ ಎಂತ ಹೇಳಿದ್ರು?" ಎಂದು ಕೇಳಿ ಹೋಗುವರೆಂದು ಶೆಟ್ಟರು ವರದಿ ಮಾಡಿದರು. ಒಬ್ಬ ಮಹನೀಯರಂತೂ ಆನೆಯನ್ನು ಮಗಳ ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಕೇಳಿದರು. ಅದು ಅಂಗೈಯಗಲದ್ದೆಂಬ ಮುಖ್ಯ ವಿವರ ನನ್ನ ವಿಮರ್ಶೆಯಲ್ಲಿ ಬಿಟ್ಟುಹೋಗಿತ್ತು.

ಆಮೇಲೆ ಬಂದದ್ದು ಮೊಸಳೆ. ಚಪ್ಪಟೆಯಾದ, ಬೂದುಬಣ್ಣದ, ಬಹಳ ಹಳೆಯ ಮೊಸಳೆ. ಪೆಟ್ಟಿಗೆ ಚಿಂದಿಯಾಗಿತ್ತು, ಒಳಗೆ ಏನಿದೆ ಏನಿಲ್ಲ ಹೇಳುವಂತಿರಲಿಲ್ಲ. ಕಟ್ಟಿ ಬಿಟ್ಟರೆ ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡು ಸರ್‍ರನೆ ಜಾರುತ್ತಿತ್ತೇ ಹೊರತು ನಡೆಯುತ್ತಿರಲಿಲ್ಲ. ಅತ್ತೆ ಎರಡು ಸಲ ನಡೆಸಿ ನೋಡಿ ತೀರ್ಪು ಕೊಟ್ಟರು: "ಇದು ಮೊಸಳೆ ಅಲ್ಲ. ಹಲ್ಲಿರೋ ಇಸ್ತ್ರಿಪೆಟ್ಟಿಗೆ." ಹಾಗೆಯೇ ಅಚ್ಚಾಯಿತು.

ಮುಂದಿನ ಭಾನುವಾರ ನಮ್ಮ ಬಾಗಿಲು ಬಡಿದವರು ತೆಳ್ಳಗೆ, ಎತ್ತರಕ್ಕೆ, ಬಿಳಿಯ ಅಂಗಿಗೆ ಕಂಠದವರೆಗೂ ಗುಂಡಿ ಹಾಕಿದ್ದ ಒಬ್ಬ ವೃದ್ಧರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಸಂಘದ ಪತ್ರಿಕೆ.

"ಮೊಸಳೆಯ ಬಗ್ಗೆ ಬರ್ದದ್ದು ನೀವಾ?"

ಹೌದೆಂದೆ. ಅವರು ತಮ್ಮ ಪರಿಚಯ ಹೇಳಿಕೊಂಡರು: ಕಾಮತ್, ಮೂಲ ಮಂಗಳೂರು, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರು, ಈಗ ವಾಸ ಗೋರೆಗಾಂವ್. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ಇಸ್ತ್ರಿಪೆಟ್ಟಿಗೆ ಅಂತ ಬರ್ದಿದ್ದೀರಿ. ಇಸ್ತ್ರಿಪೆಟ್ಟಿಗೆ! ಅದೇ ಮೊಸಳೆ ನನ್ನ ಹತ್ರ ಉಂಟು. ಜಪಾನಿನ ಬಂದರದಲ್ಲಿ ಹೊಸತು ತಕೊಂಡದ್ದು. ಅದರ ನಡಿಗೆ ಅಂದ್ರೆ ಎಂತದು ಗೊತ್ತುಂಟಾ ನಿಮಗೆ? ಬಾಲ ಹೀಗೆ ಬರ್ತದೆ, ಹೊಟ್ಟೆ ಹೀಗೆ ತಿರುಗ್ತದೆ..." ಎಂದು ಆ ಗೌರವಾನ್ವಿತ ಮನುಷ್ಯರು ಕೊಡೆಯನ್ನೇ ಬಾಲ ಮಾಡಿಕೊಂಡು ನಮ್ಮ ಹಾಲ್‌ನಲ್ಲಿ ನಾಲ್ಕು ಹೆಜ್ಜೆ ಮೊಸಳೆಯಾಗಿ ನಡೆದರು. ನಿಜ ಹೇಳುತ್ತೇನೆ, ಚೆನ್ನಾಗಿಯೇ ನಡೆದರು.

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಹಾಗಿದ್ರೆ ಅದನ್ನ ತಂದು ತೋರಿಸಬೇಕಾಗಿತ್ತು. ನೀವು ನಡೆದ್ರೆ ಏನು ಬಂತು?"

ಕಾಮತರು ಅಡುಗೆಮನೆಯ ಕಡೆ ತಿರುಗಿದರು. "ತರ್ಲಿಕ್ಕೆ ಆಗುದಿಲ್ಲ ಅಮ್ಮಾ. ಅದು ಮನೆಯಿಂದ ಹೊರಗೆ ಹೋಗುವ ವಸ್ತು ಅಲ್ಲ. ನೀವೇ ಬಂದು ನೋಡ್ಬೇಕು."

"ನಾನೂ ಮನೆಯಿಂದ ಹೊರಗೆ ಹೋಗೋಳಲ್ಲ."

ಕಾಫಿಯೂ ಕೋಡುಬಳೆಯೂ ಬಂದವು. ಕಾಮತರು ಕೂತು, ಎರಡನ್ನೂ ಮುಗಿಸಿ, ಕೋಡುಬಳೆ ಚೆನ್ನಾಗಿದೆಯೆಂದು ಒಪ್ಪಿ, ಕೊಡೆ ಎತ್ತಿಕೊಂಡು ಎದ್ದರು. ಹೊಸ್ತಿಲಲ್ಲಿ ಹಿಂತಿರುಗಿ ಒಂದು ಮಾತು ಬಿಟ್ಟುಹೋದರು: "ಅರ್ಧ ಮೊಸಳೆ ನೋಡಿ ಪೂರ್ತಿ ಮೊಸಳೆಗೆ ಬೈಯುದು ವಿಮರ್ಶೆ ಅಲ್ಲ, ಅಮ್ಮಾ."

ಬೇರೆ ಯಾರಾದರೂ ಬೇರೆ ಏನಾದರೂ ಅಂದಿದ್ದರೆ ಅತ್ತೆ ಮರೆಯುತ್ತಿದ್ದರು. ಆದರೆ ಇದು ಕಸುಬಿಗೇ ಬಿದ್ದ ಏಟು. ಆ ವಾರವೆಲ್ಲ ಅತ್ತೆ ಪಾತ್ರೆಗಳನ್ನು ಇಡುವ ಸದ್ದು ಹೆಚ್ಚಾಯಿತು. ನಮ್ಮ ಮೊಸಳೆಯನ್ನು ಕೆಳಗಿಳಿಸಿ ನೆಲದ ಮೇಲೆ ಬಿಟ್ಟು, ಚಾಪೆಯ ಮೇಲೆ ಬಿಟ್ಟು, ಬಾಲಕ್ಕೆ ಹುಣಿಸೆಹಣ್ಣು ಮೆತ್ತಿ ಭಾರ ಮಾಡಿ ನೋಡಿದರು. ಕೊನೆಗೊಂದು ಸಂಜೆ ಬೀನ್ಸ್ ಸೋಸುತ್ತ, ನನ್ನ ಮುಖ ನೋಡದೆ ಕೇಳಿದರು: "ಗೋರೆಗಾಂವ್ ಅನ್ನೋದು ಎಷ್ಟು ದೂರ?"

ಹೆಚ್ಚು ಸಂತೋಷ ತೋರಿಸಿದರೆ ಮನಸ್ಸು ಬದಲಾದೀತೆಂದು ನಾನು ಬೀನ್ಸಿಗೇ ಉತ್ತರ ಹೇಳಿದೆ. "ಬಸ್ಸಿನಲ್ಲಿ ದಾದರ್, ಅಲ್ಲಿಂದ ಲೋಕಲ್."

"ದಾದರ್" ಎಂದರು ಅತ್ತೆ. ಬೀನ್ಸಿನ ನಾರು ಬಹಳ ನಿಧಾನವಾಗಿ ಬಂತು. "ಜನ ಇಲ್ಲದ ಹೊತ್ತು ನೋಡು."

ಮುಂಬಯಿಯಲ್ಲಿ ಜನ ಇಲ್ಲದ ಹೊತ್ತೆಂಬುದು ಒಂದು ಕವಿಸಮಯ; ಆದರೂ ಶೆಟ್ಟರಿಂದ ಕಾಮತರ ವಿಳಾಸ ಪಡೆದು, ರಜೆ ಹಾಕಿ ಒಂದು ಮಧ್ಯಾಹ್ನವನ್ನು ಆರಿಸಿದೆ. ಮುಂದಿನ ದಿನಗಳಲ್ಲಿ ಅತ್ತೆ, ಕಳೆದುಹೋದರೆ ಮನೆ ಎಲ್ಲೆಂದು ಹೇಳಲು, "ಹಮ್ ಆಂಟಾಪ್ ಹಿಲ್ ಮೇ ರಹತಾ ಹೈ" ಎಂಬ ವಾಕ್ಯವನ್ನು ವಿಷ್ಣುಸಹಸ್ರನಾಮದ ಕೊನೆಗೆ ಸೇರಿಸಿಕೊಂಡು ಪಠಿಸಿದರು. ಹೆಂಗಸರು ರಹತೀ ಅನ್ನಬೇಕೆಂದು ನಾನು ತಿದ್ದಲಿಲ್ಲ. ಹೊರಡುವಾಗ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕೋಡುಬಳೆಯ ಡಬ್ಬಿಯ ಪಕ್ಕ ಘೇಂಡಾಮೃಗವನ್ನೂ ಇಟ್ಟುಕೊಂಡರು. ನಡಿಗೆ ಎಂದರೆ ಹೇಗಿರಬೇಕೆಂದು ಕಾಮತರಿಗೆ ತೋರಿಸಲು. ಸರಿಯಾಗಿದೆಯೇ ನೋಡೋಣವೆಂದು ಕೀ ಕೊಟ್ಟು, ದಾರಿಯಲ್ಲಿ ನಡೆಯದಿರಲೆಂದು ಕಾಲುಗಳಿಗೆ ರಬ್ಬರ್‌ಬ್ಯಾಂಡ್ ಸುತ್ತಿದ್ದರು.

ದಾದರಿನಲ್ಲಿ ಅತ್ತೆ ನನ್ನ ಮುಂಗೈಯನ್ನು ಹಿಡಿದ ಹಿಡಿತದ ಗುರುತು ಎರಡು ದಿನ ಹೋಗಲಿಲ್ಲ. ಹೆಂಗಸರ ಡಬ್ಬಿಯಲ್ಲಿ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂತರು, ಅರ್ಧ ತೂಗಾಡಿದರು. ಕಣ್ಣು ಮುಚ್ಚಿತ್ತು, ತುಟಿಯಲ್ಲಿ ಆಂಟಾಪ್ ಹಿಲ್‌ನ ಜಪ. ಬಾಂದ್ರಾ ದಾಟುತ್ತಿದ್ದಂತೆ ರಬ್ಬರ್‌ಬ್ಯಾಂಡ್ ಕಡಿಯಿತು. ಬುಟ್ಟಿಯೊಳಗಿಂದ ಗರ್ರ್, ಕಟಕಟ, ಗರ್ರ್ ಎಂಬ ಭಯಂಕರ ಸದ್ದೆದ್ದು, ಕೋಡುಬಳೆಯ ಡಬ್ಬಿ ಒಳಗಿನಿಂದ ಯಾರೋ ತಳ್ಳಿದಂತೆ ಎದ್ದು ಕೂತಿತು.

"ಚೂಹಾ! ಚೂಹಾ!" ಎಂದು ಪಕ್ಕದವಳು ಕಿರುಚಿ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡಳು. ಆ ಸಾಲಿನವರೆಲ್ಲ ಎಳೆದುಕೊಂಡರು. ಎದುರು ಸಾಲಿನವರು ಕಾರಣ ಕೇಳದೆ ಎಳೆದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟಿದ್ದರು. ತಮ್ಮ ಮೃಗವನ್ನು ಇಲಿ ಎಂದದ್ದನ್ನು ಅವರಿಗೆ ಸಹಿಸಲಾಗಲಿಲ್ಲ.

"ಇಲಿ ಅಲ್ಲಮ್ಮಾ, ಘೇಂಡಾಮೃಗ! ಘೇಂಡಾ!"

"ಗೇಂಡಾ?" ಎಂದಳು ಕಿಟಕಿಯ ಪಕ್ಕದ ಹೂವಿನವಳು. "ಬಾಯೀ, ಥೈಲೀ ಮೇ ಗೇಂಡಾ?"

ಅತ್ತೆ ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. "ಇವಳಿಗೆ ತಿಳೀತಲ್ಲೇ!" ಎಂದರು. ತಾವು ಆಡಿದ ಒಂದು ಮಾತು ಇನ್ನೊಂದು ತೀರವನ್ನು ಹಾಗೇ, ಸ್ವಲ್ಪವೂ ನೆನೆಯದೆ, ಸೇರಿದ್ದು ಅವರಿಗೆ ನಂಬಲಾಗಲಿಲ್ಲ. ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳುವವರಂತೆ ಹೂವಿನವಳ ಕಡೆ ತಿರುಗಿ, "ಗೇಂಡಾ" ಎಂದರು. "ಹಾಂ, ಗೇಂಡಾ" ಎಂದಳು ಅವಳು. ಅತ್ತೆ ಬುಟ್ಟಿಗೆ ಕೈಹಾಕಿ ಘೇಂಡಾಮೃಗವನ್ನು ಎತ್ತಿ ಗಾಡಿಯ ನೆಲದ ಮೇಲೆ ಬಿಟ್ಟರು. ದೊಡ್ಡ ಭಾವನವರ ನಡಿಗೆಯಲ್ಲಿ, ಬರುತ್ತೇನೆ ಬೇಡ ಎನ್ನುತ್ತ ಅದು ಚಪ್ಪಲಿಗಳ ನಡುವೆ ಹೊರಟಿತು. ಹೂವಿನವಳು ಬುಟ್ಟಿ ಸರಿಸಿ ದಾರಿ ಬಿಟ್ಟಳು. ಗಾಡಿ ಬ್ರೇಕ್ ಹಾಕಿದಾಗ ಬಿತ್ತು. ಯಾರೋ ಎತ್ತಿ ನಿಲ್ಲಿಸಿದರು. ಇನ್ಯಾರೋ ಕೀ ಕೊಟ್ಟರು. ಅಂಧೇರಿ ಬರುವ ಹೊತ್ತಿಗೆ ಅತ್ತೆ ಕಿಟಕಿಯ ಸೀಟಿನಲ್ಲಿದ್ದರು, ಮುಡಿಯಲ್ಲಿ ಒಂದು ಮೊಳ ಮಲ್ಲಿಗೆಯಿತ್ತು, ಮತ್ತು ಕೋಡುಬಳೆಯ ಡಬ್ಬಿ ಅರ್ಧ ಖಾಲಿಯಾಗಿತ್ತು.

ಕಾಮತರ ಮನೆ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಹಡಗಿನ ಕೋಣೆಯಷ್ಟೇ ಅಚ್ಚುಕಟ್ಟು. ಗೋಡೆಯುದ್ದದ ಗಾಜಿನ ಕಪಾಟಿನಲ್ಲಿ ನಾನು ಹೆಸರೂ ಕೇಳದ ಕೀಲುಮೃಗಗಳು ಫೋಟೋಕ್ಕೆ ನಿಂತ ಬಂಧುಬಳಗದಂತೆ ಸಾಲಾಗಿ ಮುಂದಕ್ಕೆ ನೋಡುತ್ತಿದ್ದವು; ನಡುವೆ, ಹಸಿರು ಮಖಮಲ್ಲಿನ ಮೇಲೆ, ಮೊಸಳೆ. ಒಂದು ಕೂದಲೆಳೆಯಷ್ಟು ಧೂಳಿಲ್ಲ. ನನ್ನ ಬಾಲ್‌ಪೆನ್ನಿನ ಕೊಂಬಿನ ಬಡಮೃಗ ನೆನಪಾಗಿ ನಾನು ಬುಟ್ಟಿಯನ್ನು ಸೆರಗಿನ ಮರೆಗೆ ಸರಿಸಿದೆ.

"ನಡೆಸಿ" ಎಂದರು ಅತ್ತೆ.

"ಮೊದಲು ಶರಬತ್ತು ಕುಡೀರಿ." ಕೋಕಂ ಶರಬತ್ತು ಬಂತು. ಅತ್ತೆ ಕುಡಿದು ಲೋಟ ಇಟ್ಟರು.

"ನಡೆಸಿ."

"ಇವತ್ತು ಗಾಳಿಯಲ್ಲಿ ಸ್ವಲ್ಪ ತೇವ ಉಂಟು" ಎಂದರು ಕಾಮತರು. ಕನ್ನಡಕ ಒರೆಸಿದರು. ಕಪಾಟಿನ ಬೀಗ ತೆಗೆದರು, ಮೊಸಳೆಯನ್ನು ಎರಡೂ ಕೈಯಲ್ಲಿ ಎತ್ತಿದರು, ಮತ್ತೆ ಮಖಮಲ್ಲಿನ ಮೇಲೇ ಇಟ್ಟರು.

ಅತ್ತೆ ಅವರನ್ನೇ ನೋಡುತ್ತಿದ್ದರು. "ಕಾಮತರೇ, ಇದು ನಡೆದದ್ದನ್ನ ನೀವು ಯಾವತ್ತಾದ್ರೂ ಕಂಡಿದೀರಾ?"

ಕಾಮತರು ಕಿಟಕಿಯ ಕಡೆ ತಿರುಗಿದರು. "ಕಟ್ಟಿದ್ದು ನಾನೇ" ಎಂದರು ಕೊನೆಗೆ. "ಕೀ ಮಾತ್ರ ಕೊಡ್ಲಿಲ್ಲ."

"ಒಂದು ಸಲವೂ?"

"ಯಾವುದಕ್ಕೂ ಕೊಡ್ಲಿಲ್ಲ." ಕಪಾಟಿನ ಇಡೀ ಬಂಧುಬಳಗವನ್ನು ಕೈಯಿಂದ ತೋರಿಸಿದರು. "ಸ್ಪ್ರಿಂಗ್ ತುಂಡಾದ್ರೆ ಎಂತ ಮಾಡುದು? ನಾನು ಇನ್ನು ಜಪಾನಿನ ಕಡೆ ಹೋಗುವವನಲ್ಲ. ಹೀಗೆ ನಡೀಬಹುದು ಅಂತ ಕೂತು ಯೋಚನೆ ಮಾಡ್ತೇನೆ. ಅಷ್ಟೆ."

ಹಾಗಾದರೆ ನಮ್ಮ ಹಾಲ್‌ನಲ್ಲಿ ಅವರು ಕೊಡೆಯ ಬಾಲ ಬೀಸಿ ನಡೆದದ್ದು, ಎಂದೂ ಕಾಣದ ನಡಿಗೆ! ನನಗೆ ನಗು ಉಕ್ಕಿ ಬಂತು. ಅತ್ತೆಯೂ ಈಗ ಬಿಡುವುದಿಲ್ಲ, ವಿಮರ್ಶೆ ಅಲ್ಲ ಎಂದವರಿಗೆ ಬಡ್ಡಿ ಸಮೇತ ಹಿಂತಿರುಗಿಸುತ್ತಾರೆ ಎಂದುಕೊಂಡೆ. ಅತ್ತೆ ನಗಲಿಲ್ಲ.

"ನಾನೂ ಹಾಗೇ ಕೂತಿದ್ದೆ ಕಾಮತರೇ, ನಮ್ಮ ಮನೇಲಿ" ಎಂದರು. "ಇವತ್ತು ರೈಲಲ್ಲಿ ಬಂದೆ. ಸೆರಗು ಯಾರದೋ ಬುಟ್ಟಿಗೆ ಸಿಕ್ಕಿ ಒಂದಿಷ್ಟು ಹರೀತು. ಅಷ್ಟೇ ಆದದ್ದು. ಕೊಡಿ ಕೀ."

ಕಾಮತರು ನೆಲದ ಮೇಲೆ ಒಂದು ಸೆಣಬಿನ ಚಾಪೆ ಹಾಸಿದರು. ಎಂಜಿನ್ ಕೋಣೆಯ ಆ ದೊಡ್ಡ ಬೆರಳುಗಳಲ್ಲಿ ಕೀ ತಿರುಗಿಸಿದರು. ಕೈ ಬಿಟ್ಟರು. ಮೊಸಳೆ ಅಲ್ಲಾಡಲಿಲ್ಲ. ಆಮೇಲೆ ಒಳಗೆಲ್ಲೋ ಒಣಗಿದ ಎಣ್ಣೆ ಬಿಟ್ಟುಕೊಂಡಿತೇನೋ, ಅದು ಮೊದಲು ಬಾಯಿ ತೆರೆಯಿತು, ಮುಚ್ಚಿತು, ಬಲ ಮುಂಗಾಲು ಎತ್ತಿತು. ಬಾಲ ಎಡಕ್ಕೆ ಬಂತು, ಹೊಟ್ಟೆ ಬಲಕ್ಕೆ ತಿರುಗಿತು, ನಡೆಯಿತು. ನಮ್ಮ ಮೊಸಳೆಯ ಬಾಲದಲ್ಲಿ ಇಲ್ಲದ ಸೀಸದ ತುಂಡೊಂದು ಇದರ ಬಾಲದಲ್ಲಿತ್ತು, ಮೂತಿ ಮೇಲಕ್ಕಿತ್ತು. ಕಾಮತರು ನಮ್ಮ ಹಾಲ್‌ನಲ್ಲಿ ನಡೆದು ತೋರಿಸಿದ್ದರಲ್ಲ, ಅದೇ ನಡಿಗೆ. ಚಾಪೆಯ ಅಂಚಿನವರೆಗೆ ಬಂದಾಗ ಟಕ್ ಎಂದು ಸದ್ದಾಗಿ ಎಡ ಮುಂಗಾಲು ಮುರಿದು ಬಿತ್ತು. ಮೊಸಳೆಗೆ ಅದು ಗೊತ್ತೇ ಆಗಲಿಲ್ಲ. ಉಳಿದ ಮೂರು ಕಾಲಿನಲ್ಲಿ ದುಂಡಗೆ ಸುತ್ತುತ್ತ, ಬಾಯಿ ತೆರೆದು ಮುಚ್ಚುತ್ತ, ಕೀ ಮುಗಿಯುವವರೆಗೂ ನಡೆಯಿತು.

ನಾನು ಕಾಮತರ ಮುಖ ನೋಡಲಾರದೆ ನೋಡಿದೆ. ಅವರು ನೆಲದ ಮೇಲೇ ಕೂತುಬಿಟ್ಟಿದ್ದರು, ಮೈ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಅಂದುಕೊಂಡರೆ, ನಗುತ್ತಿದ್ದರು. "ಬಾಲ ನೋಡಿದ್ರಾ? ನಾನು ಹೇಳ್ಲಿಲ್ವಾ? ಬಾಲ ನೋಡಿದ್ರಾ ಅಮ್ಮಾ?"

"ಬಾಲ ಒಪ್ಪಿದೀನಿ" ಎಂದರು ಅತ್ತೆ. "ಈಗ ಆ ಒಂಟೆಗೆ ಕೊಡಿ ಕೀ."

ಅಂದು ಸಂಜೆಯವರೆಗೂ ಕಪಾಟಿನ ಒಂದೊಂದೇ ಮೃಗ ಚಾಪೆಗಿಳಿಯಿತು. ಕೆಲವು ನಡೆದವು, ಕೆಲವು ಕೂತಲ್ಲೇ ಗೊಣಗಿದವು, ಒಂದು ಕಪ್ಪೆಯ ಸ್ಪ್ರಿಂಗ್ ನಿಜಕ್ಕೂ ತುಂಡಾಗಿ ಅದು ತನ್ನ ಜೀವಮಾನದ ಒಂದೇ ಒಂದು ನೆಗೆತದಲ್ಲಿ ಸೋಫಾದ ಹಿಂದೆ ಮಾಯವಾಯಿತು. ಕಾಮತರು ಪ್ರತಿಸಲವೂ ಹುಡುಗನಂತೆ ಚಪ್ಪಾಳೆ ತಟ್ಟಿದರು. ವಿಮರ್ಶೆ ಎಂಬ ಮಾತಿನ ಬೇರಿನಲ್ಲಿ ಮುಟ್ಟುವುದು, ತಡವುವುದು ಎಂಬ ಅರ್ಥವಿದೆಯೆಂದು ಸಂಸ್ಕೃತ ಬಲ್ಲವರು ಹೇಳುತ್ತಾರೆ. ಮುಟ್ಟಿದರೆ ಮುರಿಯುವ ಸಂಭವವೂ ಇದೆ. ಗಾಜಿನೊಳಗೆ ಇಟ್ಟು ಪೂಜಿಸುವುದು ಸುಲಭ, ದೂರದಿಂದ ಜರೆಯುವುದು ಇನ್ನೂ ಸುಲಭ; ನೆಲಕ್ಕೆ ಬಿಟ್ಟು ನೋಡುವುದಕ್ಕೆ ಬೇಕಾದ ಧೈರ್ಯ ಬೇರೆ ಜಾತಿಯದು. ಇಷ್ಟು ಗಂಭೀರವಾಗಿ ನಾನು ಆ ತಿಂಗಳ ಅಂಕಣದಲ್ಲಿ ಬರೆದಿದ್ದೆ. ಶೆಟ್ಟರು, "ಇದೆಲ್ಲ ಜಾಸ್ತಿ ಆಯ್ತು ಮಾರಾಯ್ರೆ" ಎಂದು ಹೊಡೆದುಹಾಕಿ, ಅತ್ತೆಯ ಒಂದು ಸಾಲನ್ನು ಮಾತ್ರ ದಪ್ಪಕ್ಷರದಲ್ಲಿ ಹಾಕಿದರು: "ಗೋರೆಗಾಂವಿನ ಮೊಸಳೆ ಮೊಸಳೆಯೇ. ಆಂಟಾಪ್ ಹಿಲ್‌ನದು ಇಸ್ತ್ರಿಪೆಟ್ಟಿಗೆ, ಅದರಲ್ಲಿ ಬದಲಾವಣೆ ಇಲ್ಲ."

ಅದಾದ ಮೇಲೊಂದು ಶುಕ್ರವಾರ, ಕಚೇರಿಯಲ್ಲಿ ತಡವಾಗಿ ಬಜಾರಿಗೆ ಹೋಗಲಾರದೆ ನೇರ ಮನೆಗೆ ಬಂದರೆ, ಬಾಗಿಲಿಗೆ ಬೀಗ. ನಮ್ಮ ಬಾಗಿಲಿಗೆ ಬೀಗ! ಅದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಸದಾ ಮನೆಯಲ್ಲಿರುವರೆಂದು ನಾನು ಬೀಗದ ಕೈಯನ್ನು ಒಯ್ಯುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಎದುರು ನೋಡಿದರೆ ಸುಮನ್‌ತಾಯಿಯ ಮನೆಗೂ ಬೀಗ. ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೀ ಇಲ್ಲದ ಕೀಲುಮೃಗದಂತೆ, ನಾನು ನನ್ನದೇ ಮನೆಯ ಮೆಟ್ಟಿಲ ಮೇಲೆ ಕೂತೆ. ಹಸಿವಾಗಿತ್ತು, ಕಾಲು ಸೋತಿತ್ತು. ಜೀವನದಲ್ಲಿ ಅಷ್ಟು ಸಂತೋಷವಾಗಿ ನಾನು ಯಾವ ಮೆಟ್ಟಿಲ ಮೇಲೂ ಕೂತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೆಳಗಿನಿಂದ ಎರಡು ಧ್ವನಿಗಳು ಮೇಲೆ ಬಂದವು. ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ, ಎರಡೂ ಒಟ್ಟಿಗೇ, ಒಂದನ್ನೊಂದು ಪೂರ್ತಿಯಾಗಿ ಅರ್ಥಮಾಡಿಕೊಂಡ ಠೀವಿಯಲ್ಲಿ. ಅತ್ತೆಯ ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆಯಿತ್ತು.

"ಚೋರ್ ಬಜಾರಿಗೆ ಹೋಗಿದ್ರಾ ಅತ್ತೆ?"

"ನೀನು ಹೋಗ್ತೀಯೋ ಇಲ್ವೋ ಅಂತ. ಸುಮನ್‌ಗೆ ದಾರಿ ಗೊತ್ತಿತ್ತು" ಎಂದು ಸೊಂಟದಿಂದ ಬೀಗದ ಕೈ ತೆಗೆದರು.

ಪೆಟ್ಟಿಗೆಯ ಮೇಲಿನ ಚಿತ್ರ ಪೂರ್ತಿ ಕಿತ್ತುಹೋಗಿತ್ತು. ನಕ್ಷೆಯ ಹಾಳೆಯನ್ನು ಇಲಿ ತಿಂದು ಅಂಚು ಮಾತ್ರ ಉಳಿಸಿತ್ತು. ಒಳಗೆ ನಾಲ್ಕು ಕಾಲು, ಒಂದು ಉದ್ದ ಕತ್ತು, ಗೂನೋ ರೆಕ್ಕೆಯೋ ಹೇಳಲಾಗದ ಎರಡು ತುಂಡು, ತಲೆ ಇಲ್ಲ. "ಇದು ಯಾವ ಪ್ರಾಣಿ ಅಂತ ಕೇಳಿ ತರಬಾರದಾಗಿತ್ತೇ?" ಎಂದೆ. ಅತ್ತೆ ಆಗಲೇ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಕನ್ನಡಕ ಹಾಕಿಕೊಂಡು, ಹಲ್ಲುಚಕ್ರಗಳನ್ನು ಬೇರೆ ಮಾಡುತ್ತ ಕೂತಿದ್ದರು.

"ಹೆಸರು ಆಮೇಲೆ ಇಟ್ಟರಾಯ್ತು ಕಣೇ" ಎಂದರು. "ಮೊದಲು ನಡೀಲಿ."